ಇಮ್ಯಾಟಿನಿಬ್ ನಿಲ್ಲಿಸಿದ ಮೇಲೆ: ಎನ್‌ಕೆ ಕೋಶಗಳ ಕಾವಲು, ನಮ್ಮ ತಪಾಸಣೆ

ಕೋಲಾರದಲ್ಲಿ ವೈದ್ಯನಾಗಿರುವ ನನ್ನ ಬಳಿಗೆ ಸಿ.ಎಂ.ಎಲ್. ಎಂಬ ರಕ್ತ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರು ತಪಾಸಣೆಗೆ ಬರುತ್ತಾರೆ. ವರ್ಷಗಟ್ಟಲೆ ರೋಗ ಹತೋಟಿಯಲ್ಲಿದ್ದವರು ಒಂದಲ್ಲ ಒಂದು ದಿನ, ‘ಇನ್ನು ಮಾತ್ರೆ ಬಿಡಬಹುದಾ ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರೊಬ್ಬರಿಗೆ, ಬೆಂಗಳೂರಿನ ರಕ್ತರೋಗ ತಜ್ಞರ ಒಪ್ಪಿಗೆಯೊಂದಿಗೆ, ನಾನು ಆಗಬಹುದು ಎಂದೆ.

9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾದಾಗ ಹುಟ್ಟಿ ಈ ಕ್ಯಾನ್ಸರ್‌ಗೆ ಕಾರಣವಾಗುವ ಬಿಸಿಆರ್-ಎಬಿಎಲ್ ಪ್ರೋಟೀನನ್ನು ಈ ಮಾತ್ರೆ ತಡೆಯುತ್ತದೆಯೇ ಹೊರತು, ಅಸ್ಥಿಮಜ್ಜೆಯಲ್ಲಿ ಅಡಗಿರುವ ಮೂಲ ಕ್ಯಾನ್ಸರ್ ಕೋಶಗಳನ್ನು ಪೂರ್ತಿಯಾಗಿ ಅಳಿಸುವುದಿಲ್ಲ. ಹಾಗಿದ್ದೂ 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಮಾತ್ರೆ ನಿಲ್ಲಿಸಿದವರ ಪೈಕಿ ಸುಮಾರು ಶೇ 40ರಷ್ಟು ಮಂದಿಗೆ ರೋಗ ಮರುಕಳಿಸಲಿಲ್ಲ. ಅಂಥವರ ರಕ್ತದಲ್ಲಿ ಎನ್‌ಕೆ ಎಂಬ ರೋಗನಿರೋಧಕ ಕೋಶಗಳ ಪ್ರಮಾಣ ಹೆಚ್ಚಿರುವುದನ್ನು ನಂತರದ ಹಲವು ಅಧ್ಯಯನಗಳು ಕಂಡಿವೆ. ಅಳಿದುಳಿದ ಕ್ಯಾನ್ಸರ್ ಕೋಶಗಳು ಮತ್ತೆ ತಲೆಯೆತ್ತದಂತೆ ಕಾಯುವುದರಲ್ಲಿ ಇವುಗಳ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ಆದರೆ ಎನ್‌ಕೆ ಕೋಶಗಳನ್ನು ಎಣಿಸಿ ಒಬ್ಬ ರೋಗಿಯ ಮಾತ್ರೆ ನಿಲ್ಲಿಸಲಾಗದು. ಅವುಗಳನ್ನು ಬಲಪಡಿಸುತ್ತೇವೆಂದು ಮಾರುವ ಕಷಾಯ, ಪುಡಿಗಳನ್ನು ನೆಚ್ಚಿ ಮಾತ್ರೆ ಬಿಡುವುದಂತೂ ಅಪಾಯ.

ನಾವು ನೆಚ್ಚಿದ್ದು ಪಿಸಿಆರ್ ಪರೀಕ್ಷೆಯನ್ನು. ಬಿಸಿಆರ್-ಎಬಿಎಲ್ ಪ್ರೋಟೀನ್ ತಯಾರಿಸುವ ಸಂದೇಶ ಹೊತ್ತ ಆರ್‌ಎನ್‌ಎ ರಕ್ತದಲ್ಲಿ ಎಷ್ಟಿದೆ ಎಂದು ಅದು ಅಳೆಯುತ್ತದೆ. ಮಾತ್ರೆ ನಿಲ್ಲಿಸಲು ಕನಿಷ್ಠ ಮೂರು ವರ್ಷ ಚಿಕಿತ್ಸೆ ಆಗಿರಬೇಕು ಮತ್ತು ಬಿಸಿಆರ್-ಎಬಿಎಲ್ ಪ್ರಮಾಣ ಎರಡು ವರ್ಷ ಸತತವಾಗಿ ಶೇ 0.01 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಈ ಬೆಳೆಗಾರರಲ್ಲಿ ಎರಡೂ ಇದ್ದವು. ಮರುಕಳಿಸುವ ರೋಗ ಬಹುಪಾಲು ಮೊದಲ ಆರು ತಿಂಗಳೊಳಗೇ ಕಾಣಿಸಿಕೊಳ್ಳುವುದರಿಂದ ಆ ಅವಧಿಯಲ್ಲಿ ಪ್ರತಿ ತಿಂಗಳೂ ಪರೀಕ್ಷೆ ಮಾಡಿಸಿದೆವು. ಆರ್‌ಎನ್‌ಎ ಬೇಗ ಕೆಡುವ ವಸ್ತು. ಆದ್ದರಿಂದ ಬೆಳಿಗ್ಗೆಯೇ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಹೆಪ್ಪುಗಟ್ಟದಂತೆ ನಿಧಾನವಾಗಿ ಮೇಲೆ ಕೆಳಗೆ ತಿರುಗಿಸಿ, ಅದೇ ದಿನ ಬೆಂಗಳೂರಿನ ಲ್ಯಾಬ್ ತಲುಪುವಂತೆ ಕಳುಹಿಸುತ್ತಿದ್ದೆ. ಲ್ಯಾಬನ್ನು ಮಾತ್ರ ಒಮ್ಮೆಯೂ ಬದಲಿಸಲಿಲ್ಲ, ಏಕೆಂದರೆ ಬೇರೆ ಬೇರೆ ಲ್ಯಾಬ್‌ಗಳ ಅಂಕಿಗಳನ್ನು ಹೋಲಿಸಿ ನಿರ್ಧಾರಕ್ಕೆ ಬರುವುದು ಕಷ್ಟ.

ಮಾತ್ರೆ ಬಿಟ್ಟ ಕೆಲವು ವಾರಗಳಲ್ಲೇ ಅವರಿಗೆ ಭುಜ ಮತ್ತು ಮಂಡಿ ನೋವು ಶುರುವಾಗಿ, ಕ್ಯಾನ್ಸರ್ ಮರಳಿತೆಂದು ಮನೆಯವರೆಲ್ಲ ಹೆದರಿದರು. ಇಮ್ಯಾಟಿನಿಬ್ ನಿಲ್ಲಿಸಿದ ಹಲವರಲ್ಲಿ ಇಂಥ ನೋವು ಬರುತ್ತದೆ ಎಂದು ವಿವರಿಸಿ ಪ್ಯಾರಾಸಿಟಮಾಲ್ ಕೊಟ್ಟೆ. ಆ ತಿಂಗಳ ಪಿಸಿಆರ್ ಕೂಡ ಏರಿರಲಿಲ್ಲ. ಬಿಸಿಆರ್-ಎಬಿಎಲ್ ಪ್ರಮಾಣ ಶೇ 0.1ನ್ನು ದಾಟಿದರೆ ತಡಮಾಡದೆ ಮಾತ್ರೆ ಮತ್ತೆ ಆರಂಭಿಸಬೇಕೆಂದೂ, ಹಾಗೆ ಆರಂಭಿಸಿದ ಬಹುತೇಕ ಎಲ್ಲರಲ್ಲೂ ರೋಗ ಪುನಃ ಹತೋಟಿಗೆ ಬರುತ್ತದೆಂದೂ ಅವರಿಗೆ ಮೊದಲೇ ತಿಳಿಸಿದ್ದೆ. ಅಂಥ ಸಂದರ್ಭ ಈವರೆಗೆ ಬಂದಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೇವೆ.