ಕಾಗೆ, ಹಾಲಕ್ಕಿ ಮತ್ತು ಆಡಿನ ತೊಗಲು

ಕಾಗೆಗೂ ಗೂಬೆಗೂ ಹುಟ್ಟುಹಗೆ. ಪಂಚತಂತ್ರದ ಮೂರನೆಯ ತಂತ್ರವಾದ ‘ಕಾಕೋಲೂಕೀಯ’ ನಿಂತಿರುವುದೇ ಈ ಹಗೆಯ ಮೇಲೆ. ಕಥೆಯ ಮಾತು ಹಾಗಿರಲಿ, ಹಗಲಿನಲ್ಲಿ ಪೊಟರೆ ಬಿಟ್ಟು ಹೊರಗೆ ಕಾಣಿಸಿಕೊಂಡ ಗೂಬೆಯನ್ನು ಕಾಗೆಗಳು ಗುಂಪುಗೂಡಿ ಅಟ್ಟಾಡಿಸುವುದನ್ನು ನಮ್ಮ ಊರುಗಳ ಹುಣಸೆಮರಗಳಲ್ಲಿ ಇಂದಿಗೂ ನೋಡಬಹುದು. ಈ ಎರಡು ಹಕ್ಕಿಗಳ ನಡುವೆ ಸ್ನೇಹ ಬೆಳೆಯುವ ಆರು ನಿಮಿಷದ ಅನಿಮೇಷನ್ ಕಿರುಚಿತ್ರವೊಂದನ್ನು ತೊಗಲುಗೊಂಬೆಗಳನ್ನು ಬಳಸಿ, ಗೊಂಬೆಯನ್ನು ಚೂರುಚೂರೇ ಕದಲಿಸುತ್ತ ಒಂದೊಂದೇ ಚಿತ್ರ ತೆಗೆದು ಜೋಡಿಸುವ ಸ್ಟಾಪ್ ಮೋಷನ್ ವಿಧಾನದಲ್ಲಿ ಮಾಡಿ ಮುಗಿಸಿದ್ದೇನೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನೆರವಾದೀತೆಂದು, ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಚಿಕ್ಕದು. ಗಾಳಿಪಟದ ಮಾಂಜಾ ದಾರ ರೆಕ್ಕೆಗೆ ಸುತ್ತಿಕೊಂಡ ಕಾಗೆಯೊಂದು ಸಂಜೆ ತನ್ನ ಬಳಗ ತಂಗುವ ಮರದವರೆಗೆ ಹಾರಲಾಗದೆ ಹಳೆಯ ಹುಣಸೆಮರವೊಂದರಲ್ಲೇ ಉಳಿದುಬಿಡುತ್ತದೆ. ಅದೇ ಮರದ ಪೊಟರೆಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಯ ವಾಸ. ದೊಡ್ಡ ಗೂಬೆಯನ್ನು ಬಿಟ್ಟು ಹಾಲಕ್ಕಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಊರುಕಾಗೆ ಸುಮಾರು 40 ಸೆಂಟಿಮೀಟರ್ ಉದ್ದದ ಹಕ್ಕಿಯಾದರೆ ಹಾಲಕ್ಕಿ ಸುಮಾರು 21 ಸೆಂಟಿಮೀಟರ್ ಅಷ್ಟೇ. ಹಗಲಿನಲ್ಲಿ ಹೆದರಬೇಕಾದದ್ದು ಹಾಲಕ್ಕಿ; ಕತ್ತಲಾದ ಮೇಲೆ, ಕಣ್ಣು ಕಾಣದ ಗಾಯಾಳು ಕಾಗೆಯೇ ಹೆದರಬೇಕಾಗುತ್ತದೆ. ಯಾರಿಗೆ ಯಾರ ಭಯ ಎಂಬುದು ಹೊತ್ತಿನೊಂದಿಗೆ ತಿರುವುಮುರುವಾಗುವ ಈ ಸ್ಥಿತಿಯೇ ನನಗೆ ಬೇಕಾದ ಕಥಾವಸ್ತುವಾಗಿತ್ತು.

ಚಿತ್ರದಲ್ಲಿ ಮಾತು ಇರಕೂಡದೆಂದು ಮೊದಲೇ ನಿರ್ಧರಿಸಿದ್ದೆ. ವೈರಿಗಳಾಗಿ ಹುಟ್ಟಿದ ಇಬ್ಬರು ಬಾಯಿಬಿಟ್ಟು ‘ನಾವು ಸ್ನೇಹಿತರು’ ಎಂದು ಹೇಳಿಕೊಂಡರೆ ನೋಡುವವರು ಅದನ್ನು ನಂಬುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ; ಅವರ ನಡುವಿನ ದೂರ, ನೋಟ ಮತ್ತು ಗಾತ್ರ ಇವು ಮೂರೇ ಆ ಸ್ನೇಹವನ್ನು ಹೇಳಬೇಕು. ತೊಗಲುಗೊಂಬೆಯನ್ನು ಆರಿಸಿಕೊಂಡದ್ದೂ ಇದಕ್ಕಾಗಿಯೇ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ಗಾತ್ರವನ್ನು ಪಾತ್ರದ ಸ್ಥಾನಮಾನ ನಿರ್ಧರಿಸುತ್ತದೆ: ರಾಜರೂ ದೇವತೆಗಳೂ ದೊಡ್ಡವರು, ಸೇವಕರೂ ಸಾಮಾನ್ಯರೂ ಚಿಕ್ಕವರು. ಈ ಪದ್ಧತಿಯನ್ನು ನಾನು ಭಯಕ್ಕೆ ಅನ್ವಯಿಸಿದೆ. ಪ್ರತಿ ಹಕ್ಕಿಗೂ ಮೂರು ಗಾತ್ರದ ಗೊಂಬೆಗಳನ್ನು ಮಾಡಿಸಿ, ಹೆದರಿಕೊಂಡ ಹಕ್ಕಿಯ ಪಕ್ಕದಲ್ಲಿ ಹೆದರಿಸುವ ಹಕ್ಕಿಯ ದೊಡ್ಡ ಗೊಂಬೆಯನ್ನು ಇಟ್ಟೆ. ಭಯ ಕರಗಿದಂತೆಲ್ಲ ಗಾತ್ರಗಳು ಹತ್ತಿರವಾಗುತ್ತ ಬಂದು, ಕೊನೆಯ ಭಾಗದಲ್ಲಿ ಎರಡೂ ಹಕ್ಕಿಗಳು ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಿಜದ ಅಳತೆಗೆ ಇದು ಒಪ್ಪುವುದಿಲ್ಲ. ಆದರೆ ಗೊಂಬೆಯಾಟ ನೋಡಿ ಬೆಳೆದವರ ಕಣ್ಣಿಗೆ ಇದರಲ್ಲಿ ಅಸಹಜವೆನಿಸುವಂಥದ್ದು ಏನೂ ಇಲ್ಲ.

ಗೊಂಬೆಗಳನ್ನು ಕೊರೆದುಕೊಟ್ಟವರು ಬಳ್ಳಾರಿ ಕಡೆಯ, ತಲೆಮಾರುಗಳಿಂದ ಈ ಕಲೆಯನ್ನೇ ನಂಬಿದ ಒಂದು ಕುಟುಂಬದ ಹಿರಿಯರು. ಹದಮಾಡಿದ ಆಡಿನ ತೊಗಲು ಬೆಳಕನ್ನು ತನ್ನೊಳಗಿಂದ ಹಾಯಗೊಡುತ್ತದೆ. ಅದರ ಮೇಲಿನ ಸಣ್ಣ ಸಣ್ಣ ತೂತುಗಳು ಹಿಂದಿನಿಂದ ದೀಪ ಬಿದ್ದಾಗ ಹಾಲಕ್ಕಿಯ ಮೈಮೇಲಿನ ಬಿಳಿ ಚುಕ್ಕೆಗಳಾದವು. ಕಾಗೆಯ ಕಪ್ಪನ್ನು ಮಾತ್ರ ತೊಗಲು ಪೂರ್ತಿ ಬೆಳಕು ತಡೆಯುವಂತೆ ದಟ್ಟವಾಗಿ ಬಳಿಸಿ, ಕತ್ತಿನ ಬೂದುಬಣ್ಣವನ್ನು ತೆಳುವಾಗಿ ಬಿಡಿಸಿದೆ. ಕೀಲುಗಳಿಗೆ ಅವರು ಬಳಸುವ ನೂಲಿನ ಗಂಟನ್ನೇ ಉಳಿಸಿಕೊಂಡೆ.

ನೋಟದ ವಿಷಯಕ್ಕೆ ಬಹಳ ಸಮಯ ಕೊಟ್ಟೆ. ಗೂಬೆಯ ಕಣ್ಣುಗುಡ್ಡೆ ಗೂಡಿನೊಳಗೆ ಹೊರಳುವುದಿಲ್ಲ. ಅದರ ಕತ್ತಿನಲ್ಲಿ 14 ಕಶೇರುಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಇರುವುದರಿಂದ ತಲೆಯನ್ನೇ 270 ಡಿಗ್ರಿಯವರೆಗೆ ತಿರುಗಿಸಬಲ್ಲದು. ಹೀಗಾಗಿ ಅನಿಮೇಷನ್‌ನಲ್ಲಿ ನಾವು ಭಾವನೆಗಾಗಿ ಸದಾ ಆಶ್ರಯಿಸುವ ಕಣ್ಣಿನ ಚಲನೆಯನ್ನು ಹಾಲಕ್ಕಿಗೆ ಪೂರ್ತಿಯಾಗಿ ಕೈಬಿಟ್ಟು, ಬೇರೆಬೇರೆ ಕೋನದ ತಲೆಗಳನ್ನು ಮಾಡಿಸಿ ಒಂದಾದ ಮೇಲೊಂದನ್ನು ಬದಲಿಸಿದೆ. ಕಾಗೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ. ಅದು ಯಾವುದನ್ನಾದರೂ ಕೂಲಂಕಷವಾಗಿ ನೋಡಬೇಕಾದರೆ ತಲೆ ಓರೆಮಾಡಿ ಒಂದೇ ಕಣ್ಣಿನಿಂದ ನೋಡುತ್ತದೆ. ಆದ್ದರಿಂದ ಒಂದು ಹಕ್ಕಿ ಎದುರು ಮುಖ ಮಾಡಿದರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಅಂದರೆ ಇವು ಒಂದನ್ನೊಂದು ನೋಡಿಕೊಳ್ಳುತ್ತಿರುವಾಗಲೂ ನಮಗೆ ಒಂದು ಮುಖ ತಿರುಗಿಸಿಕೊಂಡಂತೆಯೇ ಕಾಣುತ್ತದೆ. ಚಿತ್ರದ ಮೊದಲರ್ಧದ ತಪ್ಪು ಗ್ರಹಿಕೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಸ್ನೇಹ ಕುದುರುವ ದೃಶ್ಯವೂ ಇದರ ಮೇಲೆಯೇ ನಿಂತಿದೆ. ಹಾಲಕ್ಕಿ ಒಂದು ಜೀರುಂಡೆಯನ್ನು ಹಿಡಿದು ತಂದು ಕೊಂಬೆಯ ಮೇಲಿಡುತ್ತದೆ. ಹಾಲಕ್ಕಿ ದಿಟ್ಟಿಸಿ ನೋಡುತ್ತಿರುವಷ್ಟು ಹೊತ್ತು ಕಾಗೆ ಕದಲುವುದಿಲ್ಲ. ಆಗ ಹಾಲಕ್ಕಿ ಮೈ ಅಲುಗಿಸದೆ ತಲೆಯನ್ನು ಮಾತ್ರ ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಕಾಗೆಗೆ ತನ್ನ ನೆತ್ತಿಯ ಹಿಂಭಾಗವನ್ನು ತೋರಿಸುತ್ತ ಕುಳಿತುಕೊಳ್ಳುತ್ತದೆ. ಕಾಗೆ ತಲೆ ಓರೆಮಾಡುತ್ತದೆ, ಒಂದು ಹೆಜ್ಜೆ ಇಡುತ್ತದೆ, ತಿನ್ನುತ್ತದೆ. ಸೆಕೆಂಡಿಗೆ 24 ಫ್ರೇಮಿನ (ಬಿಡಿಚಿತ್ರದ) ಲೆಕ್ಕದಲ್ಲಿ, ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದರೆ, ಆರು ನಿಮಿಷಕ್ಕೆ 4,320 ಭಂಗಿಗಳು ಬೇಕು. ಹಾಲಕ್ಕಿಯ ತಲೆ ತಿರುಗುವಾಗ ಆರಂಭದಲ್ಲೂ ಕೊನೆಯಲ್ಲೂ ಭಂಗಿಗಳನ್ನು ಒತ್ತೊತ್ತಾಗಿ ಜೋಡಿಸಿ ನಿಧಾನವನ್ನು ತಂದೆ. ಕಾಗೆಯ ತಲೆಗೆ ನಡುವಿನ ಭಂಗಿಗಳನ್ನೇ ಕೊಡದೆ ಒಮ್ಮೆಲೇ ಹೊರಳಿಸಿದೆ, ಏಕೆಂದರೆ ಕಾಗೆ ನಿಜವಾಗಿಯೂ ಹಾಗೆಯೇ ತಲೆ ಹೊರಳಿಸುತ್ತದೆ. ಎರಡೂ ಸುಮ್ಮನೆ ಕುಳಿತಿರುವ ಕ್ಷಣಗಳಲ್ಲಿ ಗೊಂಬೆ ಸತ್ತಂತೆ ಕಾಣಬಾರದೆಂದು ಕಾಗೆಯ ಕಣ್ಣಿಗೆ ಅಡ್ಡಲಾಗಿ ಸರಿಯುವ ಮೂರನೆಯ ರೆಪ್ಪೆಯಂಥ ಒಳಪೊರೆಗಾಗಿ ತೆಳುವಾದ ತೊಗಲಿನ ಚೂರೊಂದನ್ನು ಆಗಾಗ ಸರಿಸಿದೆ. ಅಷ್ಟು ಸಣ್ಣ ಚಲನೆಯಿಂದ ಇಡೀ ಹಕ್ಕಿ ಉಸಿರಾಡತೊಡಗುತ್ತದೆ.

ಚಿತ್ರೀಕರಣದ ವ್ಯವಸ್ಥೆ ಸರಳ. ಕೆಳಗಿನಿಂದ ಬೆಳಕು ಬರುವ ಮೇಜು, ಅದರ ಮೇಲೆ ಅಂತರ ಬಿಟ್ಟು ಜೋಡಿಸಿದ ಗಾಜಿನ ಹಲಗೆಗಳು, ಎಲ್ಲಕ್ಕೂ ಮೇಲೆ ಕೆಳಮುಖವಾಗಿ ನಿಲ್ಲಿಸಿದ ಕ್ಯಾಮೆರಾ. ಬಲ್ಬಿನ ಶಾಖಕ್ಕೂ ಗಾಳಿಯ ತೇವಕ್ಕೂ ತೊಗಲು ಮುದುಡುತ್ತದೆ. ಅದಕ್ಕಾಗಿ ಬಿಸಿಯಾಗದ ಎಲ್‌ಇಡಿ ಬೆಳಕನ್ನೇ ಬಳಸಬೇಕು, ಅದೂ ಮಿನುಗದಂಥದ್ದನ್ನು. ಬಿಡುವಿನಲ್ಲಿ ಗೊಂಬೆಗಳ ಮೇಲೆ ಭಾರ ಹೇರಿಡಬೇಕು. ಕ್ಯಾಮೆರಾದ ಯಾವ ಆಯ್ಕೆಯನ್ನೂ ಅದರ ಇಚ್ಛೆಗೆ ಬಿಡಬಾರದು. ಫೋಕಸ್, ಎಕ್ಸ್‌ಪೋಷರ್, ಬಣ್ಣದ ಹೊಂದಾಣಿಕೆ ಎಲ್ಲವನ್ನೂ ಕೈಯಾರೆ ನಿಗದಿಪಡಿಸಬೇಕು. ಕಿಟಕಿಗಳನ್ನು ಮುಚ್ಚಿ, ಕಪ್ಪು ಅಂಗಿ ತೊಟ್ಟು ಕೆಲಸ ಮಾಡುವುದು ಒಳ್ಳೆಯದು, ಏಕೆಂದರೆ ಬಿಳಿ ಅಂಗಿಯ ಪ್ರತಿಫಲನ ಗಾಜಿನ ಮೇಲೆ ಬೀಳುತ್ತದೆ.

ಹಿನ್ನೆಲೆ ಸಂಗೀತವನ್ನು ಸೇರಿಸಿಲ್ಲ. ಹಗಲಿಗೆ ಕಾಗೆಗಳ ಕೂಗು, ರಾತ್ರಿಗೆ ಹಾಲಕ್ಕಿಯ ಕಿಚಕಿಚ ಸದ್ದು ಮತ್ತು ಕೀಟಗಳ ದನಿ, ಇವಿಷ್ಟನ್ನು ಹೊರಗೆ ಧ್ವನಿಮುದ್ರಿಸಿಕೊಂಡು ಜೋಡಿಸಿದ್ದೇನೆ.

ಹಣದ ಮಾತನ್ನೂ ಹೇಳಿಬಿಡಬೇಕು. ಈ ಕಲೆಯನ್ನು ಒಂದು ‘ಶೈಲಿ’ಯೆಂದು ಎತ್ತಿಕೊಂಡು, ಅದನ್ನು ಉಳಿಸಿದವರನ್ನು ಮರೆಯುವ ಚಾಳಿ ನಮ್ಮ ಕ್ಷೇತ್ರದಲ್ಲಿದೆ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸಂಭ್ರಮಿಸಿದ ನಾವು, ಗೊಂಬೆ ಕೊರೆಯುವವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡುವುದು ನ್ಯಾಯವಲ್ಲ. ಗೊಂಬೆಗಳ ಕೆಲಸಕ್ಕೆ ಬಜೆಟ್ಟಿನ ಮೊದಲ ಪಾಲನ್ನು ತೆಗೆದಿಟ್ಟೆ, ಕಂತುಗಳಲ್ಲಿ ಮುಂಗಡವಾಗಿಯೇ ಕೊಟ್ಟೆ, ಚಿತ್ರದಿಂದ ಮುಂದೆ ಏನಾದರೂ ಗಳಿಕೆಯಾದರೆ ಅದರಲ್ಲಿ ಅವರಿಗೆ ಭಾಗವಿದೆಯೆಂದು ಬರೆದುಕೊಟ್ಟೆ. ಶೀರ್ಷಿಕೆಯ ಅಕ್ಷರಗಳನ್ನೂ ಆ ಹಿರಿಯರೇ ತೊಗಲಿನಲ್ಲಿ ಕೊರೆದಿದ್ದಾರೆ. ಅದರ ಕೆಳಗೆ ಅವರ ಹೆಸರು ನನ್ನ ಹೆಸರಿನೊಂದಿಗೆ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಬರುತ್ತದೆ.