ಅಗ್ಗದ ಬೇಸ್ ಗಿಟಾರ್: ಕೊಳ್ಳುವ ಮೊದಲು ಇಷ್ಟು ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಗಿಟಾರ್ ಕಲಿಯುವವರಿಗೆ ಬರವಿಲ್ಲ. ಬೇಸ್, ಅಂದರೆ ಹಾಡಿನ ಕೆಳಗಿನ ಸ್ವರ ಹಿಡಿಯುವ ದಪ್ಪ ತಂತಿಯ ಗಿಟಾರ್, ನುಡಿಸುವವರು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಕಾಲೇಜ್ ಡೇಗೆ ಬ್ಯಾಂಡ್ ಕಟ್ಟುವಾಗ ಗಿಟಾರ್ ಹಿಡಿದ ನಾಲ್ವರಲ್ಲಿ ಪಾಪದ ಒಬ್ಬನಿಗೆ ಆ ಕೆಲಸ ಅಂಟಿಸುತ್ತಾರೆ. ಅಲ್ಲಿಂದ ಶುರು ಆನ್‌ಲೈನ್ ಹುಡುಕಾಟ. ‘ಹತ್ತು ಸಾವಿರಕ್ಕೆ ಒಂದಿದೆ, ಆರ್ಡರ್ ಮಾಡಿಬಿಡಲಾ?’ ಸ್ವಲ್ಪ ತಡೆಯಿರಿ. ವಾದ್ಯದ ಬೆಲೆ ಕೊನೆಗೆ ನೋಡಬೇಕಾದ ವಿಷಯ.

ಮೊದಲು ಕಿವಿಗೆ ಕೆಲಸ ಕೊಡಿ

ಬೇಸ್‌ನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸಲು ಆಗುವುದಿಲ್ಲ. ಹಾಗಾಗಿ ಫೋನಿನಲ್ಲೇ ಹಾಡು ಕೇಳುವವರು ಬೇಸ್ ಸರಿಯಾಗಿ ಕೇಳಿರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿ, ನಿಮಗಿಷ್ಟದ ಹಾಡು ಹಚ್ಚಿ. ಹಾಡುವವರನ್ನು ಬಿಟ್ಟು ಕೆಳಗಿನ ದನಿಯನ್ನೇ ಹಿಂಬಾಲಿಸಿ ಗುನುಗಿ. ಅದರಲ್ಲಿ ಖುಷಿ ಸಿಕ್ಕರೆ ಮುಂದಿನದು ನೋಡೋಣ.

ಮನೆಯಲ್ಲೋ ಸ್ನೇಹಿತರ ಹತ್ತಿರವೋ ಮಾಮೂಲಿ ಗಿಟಾರ್ ಇದೆಯಾ? ಅದರ ದಪ್ಪನೆಯ ನಾಲ್ಕು ತಂತಿಗಳ ಶ್ರುತಿ ಇ, ಎ, ಡಿ, ಜಿ. ಬೇಸ್‌ನಲ್ಲೂ ಅದೇ ನಾಲ್ಕು, ಒಂದು ಸ್ಥಾಯಿ ಕೆಳಗೆ ಅಷ್ಟೇ. ಆ ನಾಲ್ಕು ತಂತಿಗಳಲ್ಲೇ ಬೇಸ್ ಪಾಠಗಳನ್ನು ಒಂದು ತಿಂಗಳು ನುಡಿಸಿ ನೋಡಿ. ಖರ್ಚು ಸೊನ್ನೆ. ಎರಡನೇ ವಾರಕ್ಕೇ ಬೇಜಾರಾದರೆ ದುಡ್ಡು ಉಳಿಯಿತು.

ಜೊತೆಗೆ ಯಾರಿದ್ದಾರೆ?

ನನ್ನ ಕೇಳಿದರೆ ನಿರ್ಧಾರ ನಿಂತಿರುವುದು ಇಲ್ಲೇ. ಗಿಟಾರ್ ಹಿಡಿದು ಒಬ್ಬರೇ ಕೂತು ಹಾಡಬಹುದು. ಬೇಸ್ ಒಂಟಿಯಾಗಿ ಕೂರಲು ಹೇಳಿ ಮಾಡಿಸಿದ ವಾದ್ಯವಲ್ಲ. ಅದು ಡ್ರಮ್ ಜೊತೆ ಸೇರಿ ತಾಳ ಹಿಡಿಯಬೇಕು, ಆಗಲೇ ಅದಕ್ಕೆ ಜೀವ. ನಮ್ಮ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಎಷ್ಟೋ ಸಲ ಕೀಬೋರ್ಡಿನವರ ಎಡಗೈಯೇ ಆ ಕೆಲಸ ಮುಗಿಸಿಬಿಡುತ್ತದೆ. ಹಾಗಾಗಿ ಮೊದಲು ವಿಚಾರಿಸಿ: ಕಾಲೇಜಿನ ಬ್ಯಾಂಡ್, ಚರ್ಚಿನ ಕ್ವಾಯರ್, ಭಾನುವಾರ ಸೇರುವ ಗೆಳೆಯರು, ಯಾರಾದರೂ ‘ಬಾ’ ಎನ್ನುತ್ತಾರಾ? ಒಬ್ಬರಿದ್ದರೂ ಸಾಕು. ಯಾರೂ ಇಲ್ಲದಿದ್ದರೆ ಡ್ರಮ್ ಆ್ಯಪ್ ಹಾಕಿಕೊಂಡು ನುಡಿಸಬಹುದು, ಆದರೆ ಎಷ್ಟು ದಿನ ಅಂತ ನೀವೇ ಯೋಚಿಸಿ.

ಪೂರ್ತಿ ಲೆಕ್ಕ ಹಾಕಿ

ಹೆಸರಿರುವ ಕಂಪನಿಗಳ, ಅಂದರೆ ಯಮಾಹಾ, ಐಬನೇಜ್, ಕಾರ್ಟ್, ಸ್ಕ್ವಯರ್ ಇವರ ಆರಂಭದ ಮಾದರಿಗಳು ಸಾಮಾನ್ಯವಾಗಿ 15ರಿಂದ 25 ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಅಲ್ಲಿಗೆ ಮುಗಿಯಲಿಲ್ಲ. ಎಲೆಕ್ಟ್ರಿಕ್ ಬೇಸ್, ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ) ಇಲ್ಲದೆ ಸರಿಯಾಗಿ ಕೇಳಿಸುವುದಿಲ್ಲ. ಕೇಬಲ್ ಬೇಕು, ಬ್ಯಾಗ್ ಬೇಕು, ಅಗಲವಾದ ಬೆಲ್ಟ್ ಬೇಕು. ವಾದ್ಯ ಸುಮಾರು ನಾಲ್ಕು ಕಿಲೋ ತೂಗುತ್ತದೆ, ತೆಳು ಬೆಲ್ಟ್ ಹಾಕಿದರೆ ಭುಜ ಬಿದ್ದುಹೋಗುತ್ತದೆ. ತಂತಿಗಳ ಸೆಟ್ಟೂ ಗಿಟಾರಿನದಕ್ಕಿಂತ ದುಬಾರಿ.

‘ಗಿಟಾರ್ ಆಂಪ್ ಇದೆ, ಅದಕ್ಕೇ ಸಿಕ್ಕಿಸಬಹುದಲ್ವಾ?’ ಸಣ್ಣ ದನಿಯಲ್ಲಾದರೆ ಸರಿ. ಜೋರಾಗಿ ಇಟ್ಟರೆ ಅದರ ಸ್ಪೀಕರ್ ಹರಿಯಬಹುದು. ಆರಂಭಕ್ಕೆ ಬೇಸ್‌ಗೇ ಚುಚ್ಚುವ ಪುಟ್ಟ ಹೆಡ್‌ಫೋನ್ ಆಂಪ್ ಸಾಕು. ಅಕ್ಕಪಕ್ಕದವರ ನೆಮ್ಮದಿಗೂ ಅದೇ ವಾಸಿ. ವಾದ್ಯದ ಬೆಲೆಯ ಮೇಲೆ ಇನ್ನೂ ಮೂರನೇ ಒಂದು ಭಾಗ ಎತ್ತಿಟ್ಟುಕೊಂಡರೆ ಪೇಚಾಟ ಇರುವುದಿಲ್ಲ.

ಯಾವ ತರಹದ್ದು?

ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು ಇತ್ತು. ಇವತ್ತಿಗೂ ಹೆಚ್ಚಿನ ಬೇಸ್‌ಗಳದ್ದು ಅದೇ ಅಳತೆ. ಇದರಲ್ಲಿ ಮೊದಲ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ನಟ್‌ನಿಂದ (ತಲೆಭಾಗದ ಬಳಿ ತಂತಿಗಳು ಕೂರುವ ಅಡ್ಡಕಟ್ಟು) ಸುಮಾರು 4.8 ಸೆಂ.ಮೀ. ದೂರ. ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ 3.6. ಹೈಸ್ಕೂಲ್ ಮಕ್ಕಳ ಬೆರಳಿಗೆ ಬೇಸ್‌ನ ಈ ದೂರ ಎಳೆದಾಟ. ಅಂಥವರು ತಂತಿ ಗಿಡ್ಡವಾಗಿರುವ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೇಳಬಹುದು. ಐದು ತಂತಿಯದ್ದು ಈಗಲೇ ಬೇಡ.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. ಅದರ ವಿಷಯದಲ್ಲಿ ನಮ್ಮ ಕಡೆಯ ವೈರಿಂಗ್ ಲೆಕ್ಕಕ್ಕೆ ಬರುತ್ತದೆ. ಹಳೇ ಹೆಂಚಿನ ಮನೆಗಳಲ್ಲಿ, ತೋಟದ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದು ಅಪರೂಪ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಅಲ್ಲಿ ‘ಗುಂಯ್’ ಅನ್ನುತ್ತಲೇ ಇರುತ್ತದೆ. ಎರಡು ತುಂಡಾಗಿ ಕೂತಿರುವ ‘ಪಿ’ (ಪ್ರಿಸಿಷನ್ ಮಾದರಿಯ) ಪಿಕಪ್ ಆ ಗುಂಯ್‌ಗುಡುವಿಕೆಯನ್ನು ಬಹುಮಟ್ಟಿಗೆ ತಾನೇ ಅಡಗಿಸುತ್ತದೆ. ಆದರೆ ಪಿಕಪ್ ಯಾವುದೇ ಇರಲಿ, ಕರೆಂಟಿನ ಆಂಪ್ ಬಳಸುವುದಾದರೆ ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಬೇಸ್‌ನ ತಂತಿ ಮುಟ್ಟಿದಾಗ ಚುರುಕ್ ಅಂದರೆ ತಕ್ಷಣ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಕೈಗೆ ಸಿಕ್ಕಾಗ ಹೀಗೆ ಪರೀಕ್ಷಿಸಿ

ಅಂಗಡಿಯಾಗಲಿ, ಸೆಕೆಂಡ್ ಹ್ಯಾಂಡ್ ಆಗಲಿ, ನಾಚಿಕೊಳ್ಳದೆ ಸಮಯ ತೆಗೆದುಕೊಳ್ಳಿ. ಬಣ್ಣಕ್ಕೆ ಮರುಳಾಗಬೇಡಿ.

ವಾದ್ಯದ ಕುತ್ತಿಗೆಯ (ಫ್ರೆಟ್‌ಗಳಿರುವ ಉದ್ದನೆಯ ಭಾಗ) ಅಂಚಿನ ಮೇಲೆ ಬೆರಳು ಜಾರಿಸಿ. ಫ್ರೆಟ್ ತುದಿಗಳು ಬೆರಳಿಗೆ ತರಚಬಾರದು. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಅಥವಾ ಬೆರಳು ಹೋಗುವಷ್ಟಿದ್ದರೆ ಕುತ್ತಿಗೆ ಬಾಗಿದೆ. ಅಲ್ಪಸ್ವಲ್ಪವಾದರೆ ಕುತ್ತಿಗೆಯ ಒಳಗಿನ ಟ್ರಸ್ ರಾಡ್ (ಬಾಗು ಹೊಂದಿಸುವ ಲೋಹದ ಸರಳು) ತಿರುಗಿಸಿ ಸರಿಮಾಡಬಹುದು. ರಾಡ್ ತಿರುಗುತ್ತಲೇ ಇಲ್ಲ ಅಂದರೆ ಕೈಮುಗಿದು ಎದ್ದುಬನ್ನಿ.

ನಂತರ ಒಂದೊಂದು ತಂತಿಯ ಒಂದೊಂದು ಫ್ರೆಟ್ ನುಡಿಸಿ. ಕಿರಿಕಿರಿ ಸದ್ದು ಎಲ್ಲಿ, ಸ್ವರ ಬೇಗ ಸಾಯುವುದೆಲ್ಲಿ ಗಮನಿಸಿ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ತಾಗಿಸಿ ಮೀಟಿ, ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿ. ಟ್ಯೂನರ್ ಆ್ಯಪ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ವ್ಯತ್ಯಾಸವಿದ್ದರೆ ಬ್ರಿಡ್ಜ್‌ನ (ತಂತಿಗಳ ಕೆಳತುದಿ ಕೂರುವ ಭಾಗ) ಸ್ಕ್ರೂಗಳಲ್ಲಿ ಸರಿಹೋಗುತ್ತದೆ, ಗಾಬರಿ ಬೇಡ. ಕೊನೆಗೆ ಆಂಪ್‌ಗೆ ಸಿಕ್ಕಿಸಿ ನಾಬ್‌ಗಳನ್ನು ತಿರುಗಿಸಿ, ಕೇಬಲ್ ಅಲ್ಲಾಡಿಸಿ. ಕರಕರ ಅಂದರೆ ಅಷ್ಟು ದುಡ್ಡು ಕಡಿಮೆ ಮಾಡಿ ಅಂತ ಕೇಳಿ. ಬೆಲ್ಟ್ ಹಾಕಿ ನಿಂತು ಕೈ ಬಿಟ್ಟು ನೋಡಿ. ತಲೆಭಾಗ ತಾನಾಗಿ ನೆಲದ ಕಡೆ ಜಾರಿದರೆ ನಿಮ್ಮ ಎಡಗೈ ದಿನವೂ ಅದನ್ನು ಹೊರಬೇಕಾಗುತ್ತದೆ.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರ ಕಡೆ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲ. ಮರದ ಕುತ್ತಿಗೆ ತೇವ ಹೀರಿ ಆಕಾರ ಬದಲಿಸುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಹೊರಗಿನ ಗೋಡೆಗೆ ಒರಗಿಸಿ ಇಡಬೇಡಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬ್ಯಾಗಿನೊಳಗೆ ಇಡಿ. ಮಳೆ ಶುರುವಾದಾಗ ಒಮ್ಮೆ, ಬೇಸಿಗೆಗೆ ಒಮ್ಮೆ ಕುತ್ತಿಗೆ ನೋಡಬೇಕು. ಆ ಕೆಲಸ ಗೊತ್ತಿರುವವರು ನಿಮ್ಮೂರಲ್ಲಿ ಇದ್ದಾರಾ ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಬೆಂಗಳೂರಿಗೆ ಹೊತ್ತೊಯ್ಯಬೇಕು. ಅಥವಾ ನೀವೇ ಕಲಿಯಬೇಕು. ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದಿದ್ದರೆ ಅದೇನು ಬ್ರಹ್ಮವಿದ್ಯೆಯಲ್ಲ.

ಎಲ್ಲಿ ಕೊಳ್ಳುವುದು?

ಒಂದೇ ದುಡ್ಡಿಗೆ ಹೆಸರಿಲ್ಲದ ಹೊಸದು, ಹೆಸರಿರುವ ಹಳೆಯದು ಎರಡೂ ಸಿಕ್ಕರೆ ಹಳೆಯದನ್ನೇ ಆರಿಸಿ. ಮುಂದೆ ಬೇಡವೆನಿಸಿದಾಗ ಅದನ್ನು ಮಾರುವುದು ಸುಲಭ. ಎಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದವರು ಹಾಸ್ಟೆಲ್ ಬಿಡುವ ಹೊತ್ತಿನಲ್ಲಿ ವಿಚಾರಿಸಿ ನೋಡಿ. ಆನ್‌ಲೈನ್ ಆದರೆ ಪೊಟ್ಟಣ ಬಿಚ್ಚುವುದನ್ನು ವಿಡಿಯೊ ಮಾಡಿ, ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಪೆಟ್ಟಿಗೆ ಎಸೆಯಬೇಡಿ. ಆ ಗಡುವಿನೊಳಗೇ ಮೇಲಿನ ಪರೀಕ್ಷೆಗಳನ್ನು ಮಾಡಿ ಮುಗಿಸಿ. ಯಾರ ಹತ್ತಿರ ಕೊಂಡರೂ ಟ್ರಸ್ ರಾಡ್ ತಿರುಗಿಸುವ ಅಲೆನ್ ಕೀ ಕೇಳಿ ಇಸಿದುಕೊಳ್ಳಿ.