ಸುಡದ ಮಣ್ಣಿನ ಗೊಂಬೆಗಳು

ನಾನು ನನ್ನ ಗೊಂಬೆಗಳನ್ನು ಸುಡುವುದಿಲ್ಲ. ಜೇಡಿಮಣ್ಣನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟರೆ, ಆಮೇಲೆ ಎಷ್ಟು ನೆನೆಸಿದರೂ ಕರಗುವುದಿಲ್ಲ. ನನಗೆ ಬೇಕಿದ್ದದ್ದು ಕರಗುವ ಮಣ್ಣೇ.

ಅಗಲವಾದ ತಟ್ಟೆಯಲ್ಲಿ ಎರಡು ಬೆರಳಷ್ಟು ನೀರು. ಅದರಲ್ಲಿ ಗೇಣುದ್ದದ ಮಣ್ಣಿನ ಮನುಷ್ಯರು ಒತ್ತೊತ್ತಾಗಿ ನಿಂತಿದ್ದಾರೆ. ಅವರ ಹೆಗಲ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಮತ್ತೊಂದು. ನೀರು ಏರಿದಾಗ ಯಾರ ಕಾಲು ಮೊದಲು ನೆನೆಯುತ್ತದೆ, ಯಾರಿಗೆ ಅದು ಗೊತ್ತೇ ಆಗುವುದಿಲ್ಲ? ನಾನು ತೋರಿಸಲು ಹೊರಟಿದ್ದು ಇಷ್ಟೇ.

ಹಸಿ ಗೊಂಬೆಯೇ ಬೇಗ ಕರಗುತ್ತದೆ ಅಂತ ಅನಿಸುತ್ತೆ, ಅಲ್ವಾ? ಹಾಗಲ್ಲ. ಹಸಿ ಮಣ್ಣಿನ ಸಂದಿಗಳಲ್ಲಿ ಮೊದಲೇ ನೀರು ತುಂಬಿರುತ್ತದೆ. ತಟ್ಟೆಯಲ್ಲಿಟ್ಟರೆ ಸುಮ್ನೆ ನಿಂತಿರುತ್ತದೆ. ಪೂರ್ತಿ ಒಣಗಿದ್ದನ್ನು ಇಡಿ. ನೀರು ಸರ್ರನೆ ಒಳಗೆ ಏರುತ್ತದೆ, ಸಿಕ್ಕಿಕೊಂಡ ಗಾಳಿ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಮೊದಲು ಪಾದದ ಬಣ್ಣ ಕಪ್ಪಾಗುತ್ತದೆ. ಆಮೇಲೆ ಬೆರಳುಗಳು ಪದರ ಪದರವಾಗಿ ಉದುರುತ್ತವೆ. ಹಾಗಾಗಿ ಒಣಗಿಸುವುದೇ ನನ್ನ ದೊಡ್ಡ ಕೆಲಸ. ಒಣಗುವಾಗ ಮಣ್ಣು ಕುಗ್ಗುತ್ತದೆ. ತೆಳ್ಳಗಿನ ಕಡೆ ಬೇಗ, ದಪ್ಪ ಕಡೆ ನಿಧಾನ. ಬಿರುಕು ಬಿಡುವುದು ಹೆಚ್ಚಾಗಿ ಕಣಕಾಲಿನಲ್ಲೇ. ಅಲ್ಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಳಿ ತಗಲದ ಮೂಲೆಯಲ್ಲಿ ಇಡುತ್ತೇನೆ.

ಇನ್ನೊಂದು ವಿಷಯ ನಾರು. ಸಣ್ಣಗೆ ಕತ್ತರಿಸಿದ ಒಣಹುಲ್ಲು ಕಲಸಿದ ಮಣ್ಣು ನೀರಿನಲ್ಲಿ ಬೇಗ ಉದುರುವುದಿಲ್ಲ. ಮೇಲಿನ ಸಾಲಿಗೆ ನಾರು ಜಾಸ್ತಿ ಹಾಕಿದೆ, ನಡುವಿನವರಿಗೆ ಅಷ್ಟಿಷ್ಟು, ಕೆಳಗಿನವರಿಗೆ ಬರೀ ಮಣ್ಣು. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ಥರ. ನೀರು ಹಾಕಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಕೆಳಗಿನವರು ಕುಸಿಯುತ್ತಾರೆ. ಗಟ್ಟಿಯಾಗಿರುವ ಮೇಲಿನವರು ಕೈಕಾಲು ನೆಟ್ಟಗಿರುವಾಗಲೇ ಕೆಸರಿಗೆ ಬೀಳುತ್ತಾರೆ. ಇದನ್ನು ವಿವರಿಸಲು ಗೋಡೆಗೆ ಫಲಕ ಹಾಕಲಿಲ್ಲ.

ಒಣ ಎಲೆಗೆ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಬಳಿದು ‘ಪ್ರಕೃತಿ ಎಷ್ಟು ನಾಜೂಕು’ ಅನ್ನುವ ಕಲಾಕೃತಿಗಳು ನನಗೆ ಹಿಡಿಸುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟ ಮೇಲೆ ಅದು ನಾಜೂಕು ಹೇಗಾಯಿತು? ಕಲಾವಿದ ಒಲಾಫರ್ ಎಲಿಯಾಸನ್ 2015ರಲ್ಲಿ ಗ್ರೀನ್‌ಲ್ಯಾಂಡಿನ 12 ಹಿಮಗಡ್ಡೆಗಳನ್ನು ಪ್ಯಾರಿಸ್‌ಗೆ ತಂದು ಬಯಲಲ್ಲಿ ಕರಗಲು ಬಿಟ್ಟರು. ಅಷ್ಟು ದೂರದಿಂದ ಸಾಗಿಸಿದ್ದಕ್ಕೆ ಟೀಕೆಯೂ ಬಂತು. ಟೀಕೆ ಸರಿಯೇ. ಆದರೂ ಜನ ಆ ಗಡ್ಡೆಗಳನ್ನು ಮುಟ್ಟಿ ನೋಡಿದರು, ಅದು ನನಗೆ ಇಷ್ಟ. ನನ್ನ ತಟ್ಟೆಯ ಪಕ್ಕದಲ್ಲೂ ‘ಮುಟ್ಟಬೇಡಿ’ ಎಂಬ ಬರಹ ಇಲ್ಲ.

‘ಇದನ್ನು ಮಾರೋದು ಹೇಗೆ?’ ಅಂತ ಕೇಳುತ್ತಾರೆ. ಕೊಳ್ಳುವವರಿಗೆ ಗೊಂಬೆಯ ಅಚ್ಚು, ಮಣ್ಣು ಮತ್ತು ನಾರಿನ ಪ್ರಮಾಣ, ನೀರಿನ ಮಟ್ಟ ಬರೆದ ಒಂದು ಹಾಳೆ ಕೊಡುತ್ತೇನೆ. ಒಣಗಿಸುವ ಕಷ್ಟ ಅವರದು. ತಟ್ಟೆಯಲ್ಲಿ ಉಳಿದ ಕೆಸರನ್ನು ಜರಡಿ ಹಿಡಿದು ಹುಲ್ಲು ತೆಗೆದರೆ, ಮುಂದಿನ ಸಲ ಕೆಳಗಿನ ಸಾಲಿಗೆ ಅದೇ ಮಣ್ಣು ಸಾಕು.